ಇಮಾಮಸಾಬ ಚಾಚಾನ ತಂಪಿನ ಡಬ್ಬಿ

ಇಮಾಮಸಾಬ ಚಾಚಾ ಅವರನ್ನು ನಾನು ಮೊದಲ ಸಲ ನೋಡಿದಾಗ ಅವರು ಅರ್ಧ ಮಾತ್ರ ಕಾಣುತ್ತಿದ್ದರು. ಸೊಂಟದಿಂದ ಮೇಲಿನದೆಲ್ಲ ನಮ್ಮ ಅಡುಗೆಮನೆಯ ಫ್ರಿಜ್ಜಿನೊಳಗಿತ್ತು. ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಬಂದ ನನಗೆ ಕಂಡದ್ದು ನೆಲಕ್ಕೂರಿದ ಎರಡು ಮೊಣಕಾಲು, ಮಾಸಿದ ಪೈಜಾಮ, ಪಕ್ಕದಲ್ಲಿ ಬಿಚ್ಚಿಟ್ಟ ಬಿಳಿ ಟೊಪ್ಪಿಗೆ. ಮನುಷ್ಯ ಅಲುಗಾಡುತ್ತಿಲ್ಲ. ಕರೆಂಟು ಹೊಡೆದು ಸತ್ತೇ ಹೋದರೇನೋ ಎಂದು "ಅಯ್ಯ ಶಿವನೇ!" ಅಂತ ಚೀರಿದೆ. ಒಳಗಿನಿಂದ ದನಿ ಬಂತು: "ಸುಮ್ಮನಿರ್ರಿ ಅಕ್ಕಾರ, ನಿಮ್ಮ ಫ್ರಿಜ್ಜಿನ ಜೋಡಿ ಮಾತಾಡಾಕತ್ತೇನಿ." ರಿಪೇರಿಗೆ ಅವರನ್ನು ಕರೆತಂದಿದ್ದ ನನ್ನ ಗಂಡ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಚಾಚಾ ಮಾಡುತ್ತಿದ್ದದ್ದು ಇಷ್ಟೇ. ಫ್ರಿಜ್ಜಿನ ಒಳಗೋಡೆಗೆ ಎಡಗಲ್ಲ ಹಚ್ಚಿ, ಕಣ್ಣು ಮುಚ್ಚಿ, ತಂಪು ಎಷ್ಟಿದೆ ಎಂದು ನೋಡುತ್ತಿದ್ದರು. ಅವರಿಗೆ ಗಾಜಿನ ಥರ್ಮಾಮೀಟರಿನ ಮೇಲೆ ನಂಬಿಕೆ ಇರಲಿಲ್ಲ. "ಅದು ಕಾಜು, ನಾಳೆ ಒಡೀತೈತಿ. ಗಲ್ಲ ಅಲ್ಲಾ ಕೊಟ್ಟದ್ದು" ಎನ್ನುತ್ತಿದ್ದರು. ಎಡಗಲ್ಲವೇ ಯಾಕೆ ಎಂದು ಕೇಳಿದರೆ, "ಬಲಗಲ್ಲ ಬಿಸಲಾಗ ಸೈಕಲ್ ಹೊಡದು ಹೊಡದು ಸುಟ್ಟೈತ್ರಿ, ಅದರ ಮಾತು ನಂಬಬಾರದು" ಅಂತ ಬಹಳ ಗಂಭೀರವಾಗಿ ಉತ್ತರ. ಆ ಮನುಷ್ಯ ತಮಾಷೆ ಮಾಡುತ್ತಿದ್ದಾರೋ ಖರೇನೇ ಹೇಳುತ್ತಿದ್ದಾರೋ ಎಂದು ಪತ್ತೆ ಹಚ್ಚುವುದಕ್ಕೆ ನನಗೆ ವರ್ಷಗಳು ಬೇಕಾದವು. ಪತ್ತೆ ಹಚ್ಚಿದ್ದೇನೆ ಎಂಬ ಧೈರ್ಯ ಈಗಲೂ ಇಲ್ಲ.

ದಾಂಡೇಲಿಯಲ್ಲಿ ಮಸೀದಿಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಅಂಗಡಿ ಅಂದರೆ ಫ್ರಿಜ್ಜುಗಳ ದೊಡ್ಡಿ. ಬಾಗಿಲು ಕಿತ್ತವು, ಹೊಟ್ಟೆ ಬಗೆದವು, ಇನ್ನೂ ಜೀವ ಹಿಡಿದು ಗೊರಗೊರ ಅನ್ನುವವು, ಎಲ್ಲ ಸಾಲಾಗಿ ನಿಂತಿರುತ್ತಿದ್ದವು. ಒಂದು ಸತ್ತ ಫ್ರಿಜ್ಜಿನಲ್ಲಿ ಪಾನಾ, ಇಕ್ಕಳ, ತಾಮ್ರದ ಕೊಳವೆ. ಇನ್ನೊಂದರಲ್ಲಿ ಗಿರಾಕಿಗಳ ಚಪ್ಪಲಿ. ಮತ್ತೊಂದರಲ್ಲಿ ಅವರ ಹೆಂಡತಿ ಬೀಬಿಜಾನ್ ಚಾಚಿಯ ಉಳ್ಳಾಗಡ್ಡಿ, ಬಳ್ಳೊಳ್ಳಿ. ಗಡ್ಡಕ್ಕೆ ಮೆಹಂದಿ, ಕನ್ನಡಕದ ಒಂದು ಕಾಲಿಗೆ ತಾಮ್ರದ ತಂತಿ, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಏಲಕ್ಕಿ. ಗಣೇಶಗುಡಿ ಕಡೆಯ ರೆಸಾರ್ಟಿನವರು ಕರೆದರೆ ಹೋಗುತ್ತಿದ್ದರು, ಆದರೆ ಶರತ್ತು ಇತ್ತು: "ಒಳಗಿನ ಬಾಟ್ಲಿ ಎಲ್ಲಾ ತಗೀರಿ, ಆಮ್ಯಾಲ ನನ್ನ ಕರೀರಿ. ಫ್ರಿಜ್ಜಿಂದ ತಪ್ಪಿಲ್ಲ, ಅದಕ್ಕ ನಾ ಕೈ ಹಚ್ಚತೇನಿ. ಬಾಟ್ಲಿಗೆ ಹಚ್ಚೂದಿಲ್ಲ." ಐದು ಹೊತ್ತಿನ ನಮಾಜಿನ ಮನುಷ್ಯ. ಈ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಹೆಂಗಸರನ್ನು ಬೈಯುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. "ಅತ್ತಿ ಸೊಸಿ ಜಗಳದಾಗ ನನ್ನ ಫ್ರಿಜ್ಜಿನ ಬಾಗಲಾ ಯಾಕ ಬಡೀತೀರಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಊರಿನ ಎಲ್ಲ ಫ್ರಿಜ್ಜುಗಳೂ ಅವರವೇ. ನಾವು ಇಟ್ಟುಕೊಂಡವರು, ಅಷ್ಟೇ. ಬಿಸಿ ಸಾರಿನ ಪಾತ್ರೆ ಒಳಗಿಟ್ಟು ಸಿಕ್ಕಿಬಿದ್ದ ದಿನ ನನಗೂ ಪಾಠವಾಯಿತು. "ಥಂಡಾ ಅನ್ನೂದನ್ನ ಯಾರೂ ಹೊರಗಿಂದ ತಂದ ತುಂಬೂದಿಲ್ರಿ ಅಕ್ಕಾರ. ಒಳಗಿನ ಬಿಸಿ ತಗದ್ರ ಉಳಿಯೂದ ಥಂಡಾ. ಅದು ಪಾಪ ಹೊತ್ತು ಹೊತ್ತು ಬಿಸಿ ಹೊರಗ ಒಗೀತೈತಿ, ನೀವು ಮತ್ತ ಸಾರ ತಂದ ಇಡತೀರಿ!" ಮಕ್ಕಳಿಗೆ ಪಾಠ ಹೇಳುವ ನಾನು ಸೆರಗು ಹಿಂಡುತ್ತ ನಿಂತು ಕೇಳಿದೆ.

ಅವರ ಹತ್ತಿರ ಕೆಲಸ ಕಲಿತ ಶಾಗಿರ್ದರು ಬಹಳ ಜನ ದುಬೈ, ಮಸ್ಕತ್ ಅಂತ ಹೋಗಿ ಏಸಿ ರಿಪೇರಿಯಲ್ಲಿದ್ದರು. "ದುಬೈ ಥಂಡಾ ಇರೂದು ನಮ್ಮ ದಾಂಡೇಲಿ ಹುಡುಗೂರಿಂದ" ಎನ್ನುವುದು ಚಾಚಾನ ಹೆಮ್ಮೆ. ತಾವು ಮಾತ್ರ ಹೋಗಲಿಲ್ಲ. ಯಾಕೆ ಎಂದರೆ ಮೊದಲು, "ನಾ ಹೋದ್ರ ಈ ಊರು ಬಿಸಿನೀರ ಕುಡೀಬೇಕಾಗತೈತಿ" ಎಂಬ ಠೀವಿ. ಸ್ವಲ್ಪ ಚಹಾ ಒಳಗೆ ಹೋದ ಮೇಲೆ ನಿಜ ಹೊರಗೆ: "ಸ್ಟೂಲ್ ಹತ್ತಿದ್ರ ತಲಿ ತಿರಗತೈತ್ರಿ. ಇಮಾನ ಹತ್ತತೇನಾ?"

ಇನ್ನು ನಮ್ಮ ಗಿರಿಜಾಳ ವಿಷಯ. ನನ್ನ ಮಗಳು ಆಗ ಎರಡನೇ ಇಯತ್ತೆ. ಅವಳಿಗೆ ಜ್ವರ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಆಮೇಲೆ ಕೀಲುಗಳು ಊದತೊಡಗಿದವು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ನಾನು ಎತ್ತಿ ಕೂರಿಸಬೇಕು, ಹಲ್ಲು ತಿಕ್ಕಿಸಬೇಕು. ಲಂಗರ್ಚಿ ಆಟದಲ್ಲಿ ಓಡುವ ವಯಸ್ಸಿನ ಹುಡುಗಿ ಗೋಡೆ ಹಿಡಿದು ನಡೆಯುತ್ತಿತ್ತು. ತಾಯಿತ ಕಟ್ಟಿಸಿದೆ, ಹರಕೆ ಹೊತ್ತೆ, ಊರೂರು ಡಾಕ್ಟರ ಬಾಗಿಲು ಕಾದೆ. ಕೊನೆಗೆ ಹುಬ್ಬಳ್ಳಿಯ ಒಬ್ಬ ಮಕ್ಕಳ ಡಾಕ್ಟರು ರೋಗ ಹಿಡಿದರು. ರಕ್ತವೇ ಕಾರಣವಿಲ್ಲದೆ ಮೈಯ ಮೇಲೆ ಸಿಟ್ಟಾಗಿದೆ, ಹೀಗೇ ಬಿಟ್ಟರೆ ಕೀಲು ಹಾಳಾಗುತ್ತವೆ, ಮುಂದೆ ಹೃದಯಕ್ಕೂ ತೊಂದರೆ ಎಂದರು.

ದಿನಕ್ಕೊಂದು ಸಣ್ಣ ಸೂಜಿಯ ಔಷಧ ಇತ್ತು. ಆದರೆ ಅದು ನಮ್ಮ ದೇಶದಲ್ಲಿ ಮಾರಾಟಕ್ಕಿರಲಿಲ್ಲ. "ನಿಮ್ಮ ಮಗುವಿಗೆ ಅಂತ, ಅವಳ ಬಳಕೆಗೆ ಮಾತ್ರ, ಹೊರಗಿನಿಂದ ತರಿಸಬಹುದು" ಎಂದರು ಡಾಕ್ಟರು. "ನನ್ನ ಚೀಟಿ ಕೊಡ್ತೀನಿ. ಸರ್ಕಾರದ ಪರವಾನಗಿ ತಗೊಳ್ಳಿ. ಇನ್ನೊಂದು ಮಾತು, ಅಲ್ಲಿಂದ ನಿಮ್ಮ ಮನೆವರೆಗೂ ಔಷಧ ತಂಪಿನಲ್ಲಿರಬೇಕು. ತಂಪು ಅಂದರೆ ತಂಪು ಅಷ್ಟೇ. ಹೆಪ್ಪುಗಟ್ಟಿತೋ, ಕೆಟ್ಟಿತು. ಎಸೆಯಬೇಕು."

ಪರವಾನಗಿಯೇನೋ ನನ್ನ ಗಂಡ ಓಡಾಡಿ ತಂದರು. ತರುವವರು ಯಾರು? ನಮ್ಮ ಕಡೆಯವರು ಹಳಿಯಾಳ, ಧಾರವಾಡ ದಾಟಿದರೆ ಕಾಶಿಗೆ ಹೋದಂತೆ ಹೇಳಿಕೊಳ್ಳುವವರು. ಚಾಚಾ ಫ್ರಿಜ್ ರಿಪೇರಿಗೆ ಬಂದದ್ದು ಆ ಸಂದರ್ಭದಲ್ಲೇ. ಔಷಧ ಬರುವ ಮೊದಲು ಫ್ರಿಜ್ ಗಟ್ಟಿಯಿರಲಿ ಎಂದು ಕರೆಸಿದ್ದು. ಅರ್ಧ ಮನುಷ್ಯ ಪೂರ್ತಿಯಾಗಿ ಹೊರಗೆ ಬಂದು, ಟೊಪ್ಪಿಗೆ ಹಾಕಿಕೊಂಡು, ಒಳಕೋಣೆಯಲ್ಲಿ ಮಲಗಿದ್ದ ಗಿರಿಜಾಳನ್ನು ಬಾಗಿಲಿನಿಂದಲೇ ನೋಡಿದರು.

"ಕೂಸಿಗೆ ಏನಾಗೈತ್ರಿ?"

ಹೇಳಿದೆ. ಔಷಧ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

"ದುಬೈನಾಗ ಸಿಗತೈತಂತ ಚಾಚಾ. ನಮಗ ಅಲ್ಲಿ ಯಾರದಾರ?"

"ದುಬೈನಾಗ?" ಅವರ ಮುಖ ಅರಳಿತು. "ಇಷ್ಟಕ್ಕ ಅಳಾಕತ್ತೀರಿ? ಗ್ವಾಟೆಮಾಲಾ ಅಂದೀರೇನೋ ಮಾಡಿದ್ದೆ. ದುಬೈ ಅಂದ್ರ ನಮ್ಮ ಹಿಂದಿನ ಓಣಿರಿ ಅಕ್ಕಾರ!"

ಗ್ವಾಟೆಮಾಲಾ ಎಂಬ ಹೆಸರು ಅವರಿಗೆ ಎಲ್ಲಿ ಸಿಕ್ಕಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅವರ ಶಾಗಿರ್ದ ಅಲ್ತಾಫ್ ಆ ಬೇಸಗೆಗೆ ರಜೆಯ ಮೇಲೆ ಬರುವವನಿದ್ದ. ನಮ್ಮ ಡಾಕ್ಟರ ಕಾಗದಗಳನ್ನೆಲ್ಲ ಅವನಿಗೆ ಕಳಿಸಿದೆವು. ಅಲ್ಲಿಯ ಡಾಕ್ಟರೊಬ್ಬರು ಅವನ್ನು ನೋಡಿ ತಮ್ಮ ಚೀಟಿ ಬರೆದುಕೊಟ್ಟರು. ಚಾಚಾ ಫೋನಿನಲ್ಲಿ ಅವನಿಗೆ ಹೇಳುತ್ತಿದ್ದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಲೇ, ಚಡ್ಡಿ ಬನಿಯನ್ ನಡುವ ಮುಚ್ಚಿಟ್ಟು ತರಬ್ಯಾಡ. ಕೈಯಾಗ ಹಿಡಕೊಂಡ ಬಾ, ಕಸ್ಟಮ್ಸಿನವ್ರ ಮುಂದ ನೀನ ಹೋಗಿ ತೋರಸು. ಮುಚ್ಚಿ ತಂದದ್ದು ಕಳುವಿನ ಮಾಲ. ತೆರದು ತೋರಿಸಿ ತಂದದ್ದು ಔಷಧ." ಅಲ್ತಾಫ್ ಹಾಗೇ ಮಾಡಿದ. ಗೋವಾದ ವಿಮಾನ ನಿಲ್ದಾಣದಲ್ಲಿ ಕಾಗದ ನೋಡಿದರು, ಔಷಧ ನೋಡಿದರು, ಬಿಟ್ಟರು. ಹೊರಗೆ ಚಾಚಾ ಕಾಯುತ್ತಿದ್ದರು, ನೆಂಟರೊಬ್ಬರ ಓಮ್ನಿ ಮತ್ತು ತಾವೇ ಕಟ್ಟಿದ ತಂಪಿನ ಡಬ್ಬಿಯೊಂದಿಗೆ. ಹಳೇ ಫ್ರಿಜ್ಜಿನ ಹೊಟ್ಟೆ ಕತ್ತರಿಸಿ ಮಾಡಿದ ಡಬ್ಬಿ. ನೋಡಲು ಮಗುವಿನ ತೊಟ್ಟಿಲಷ್ಟು.

ಅನಮೋಡದಲ್ಲಿ ನಡೆದದ್ದನ್ನು ಅಲ್ತಾಫ್ ನಮಗೆ ಎಷ್ಟು ಸಲ ಹೇಳಿದ್ದಾನೋ! ಘಾಟು ಹತ್ತಿ ಬಂದರೆ ಅಲ್ಲಿ ಚೆಕ್‌ಪೋಸ್ಟ್. ಗೋವಾದಿಂದ ಬರುವ ಬಾಟ್ಲಿ ಹುಡುಕುವುದು ಅವರ ಕೆಲಸ. ರಜೆಯ ದಿನ, ಗಾಡಿಗಳ ಸಾಲು ಉದ್ದಕ್ಕೆ. ಏಪ್ರಿಲ್ ಬಿಸಿಲು. ಓಮ್ನಿಯೊಳಗೆ ಬಗ್ಗಿ ನೋಡಿದ ಅಧಿಕಾರಿಗೆ ಕಂಡದ್ದು ಬರ್ಫ ತುಂಬಿದ ಇಷ್ಟು ದೊಡ್ಡ ಡಬ್ಬಿ.

"ಎಷ್ಟ ಬಾಟ್ಲಿ ಅದಾವ ಯಜಮಾನ್ರ?"

"ತೋಬಾ ತೋಬಾ! ಬಾಟ್ಲಿ ಅಲ್ರಿ ಸಾಹೇಬ್ರ, ಸೂಜಿ."

ಬಾಟ್ಲಿ ಅಂದಿದ್ದರೇ ಚಲೋ ಇತ್ತು. ಸೂಜಿ ಎಂದ ಕೂಡಲೇ ನಶೆಯ ಮಾಲಿರಬೇಕೆಂದು ಅಧಿಕಾರಿಯ ಮುಖದ ಬಣ್ಣ ಬದಲಾಯಿತು. ಡಬ್ಬಿ ಕೆಳಗಿಳಿಯಿತು, ಮೇಜಿನ ಮೇಲೆ ಹೋಯಿತು, ಮುಚ್ಚಳ ತೆರೆಯಿತು. ಆತ ಕೆಟ್ಟ ಮನುಷ್ಯನೇನಲ್ಲ. ತನ್ನ ಕೆಲಸ ತಾನು ಮಾಡುತ್ತಿದ್ದ. ಒಂದೊಂದು ಕಾಗದ ಸಾವಕಾಶವಾಗಿ ಓದಿದ. ಔಷಧದ ಪೆಟ್ಟಿಗೆಯ ಮೇಲಿನ ಹೆಸರು ಓದಿದ. ಚಾಚಾ ಪಕ್ಕದಲ್ಲಿ ನಿಂತು ಚಡಪಡಿಸುತ್ತಿದ್ದರು.

"ಗಿರಿಜಾ ಅಂದ್ರ ಯಾರು?"

"ನನ್ನ ಮೊಮ್ಮಗಳ್ರಿ."

"ನಿಮ್ಮ ಹೆಸರು?"

"ಇಮಾಮಸಾಬ."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಗೋಕುಲಾಷ್ಟಮಿಗೂ ಇಮಾಮಸಾಬಿಗೂ ಏನ ಸಂಬಂಧ ಅಂತಾರಲ್ರೀ, ಹಂಗಾತಲ್ಲ ಇದು!"

"ಸಂಬಂಧ ಆ ಡಬ್ಬ್ಯಾಗ ಐತಿ ಸಾಹೇಬ್ರ. ಬಿಸಿ ಆಗಾಕತ್ತೈತಿ. ಲಗೂನ ಮುಚ್ಚರಿ."

ಆತನೇ ಮುಚ್ಚಿದ. ಕಾಗದ ಮಡಚಿ ಕೈಗಿಟ್ಟು, "ಹೋಗ್ರಿ ಯಜಮಾನ್ರ, ಕೂಸು ಆರಾಮಾಗಲಿ" ಎಂದ. ಇಷ್ಟಕ್ಕೇ ನಿಂತಿದ್ದರೆ ಇದೊಂದು ನಗುವ ಕಥೆಯಾಗಿ ಉಳಿಯುತ್ತಿತ್ತು.

ಆದರೆ ಚಾಚಾ ಡಬ್ಬಿಯೊಳಗೆ ತಲೆ ಹಾಕಿ ಔಷಧಕ್ಕೆ ಗಲ್ಲ ಹಚ್ಚಿದರು. ಬಿಸಿ ಅನ್ನಿಸಿತಂತೆ. ಬಿಸಿಲಲ್ಲಿ ನಿಂತು ಅಂಜಿದ ಗಲ್ಲಕ್ಕೆ ಏನು ಹಚ್ಚಿದರೂ ಬಿಸಿಯೇ ಅನ್ನಿಸಬೇಕು. ಅದೇ ಸಾಲಿನಲ್ಲಿ ಗೋವಾದಿಂದ ಮೀನು ತರುವ ಟೆಂಪೊ ನಿಂತಿತ್ತು. ಓಡಿಹೋಗಿ ಬೊಗಸೆ ಬೊಗಸೆ ಬರ್ಫ ಕೇಳಿ ತಂದರು. ನಮ್ಮ ಕಡೆ ಬರ್ಫ ಅಂದರೆ ಮೀನು, ಮೀನು ಅಂದರೆ ಬರ್ಫ. ಮೀನಿನವರು ಹೇಗೆ ಕಟ್ಟುತ್ತಾರೋ ಹಾಗೇ ಕಟ್ಟಿದರು: ಕೆಳಗೊಂದು ಪದರು ಬರ್ಫ, ನಡುವೆ ಔಷಧ, ಮೇಲೊಂದು ಪದರು ಬರ್ಫ, ಸಾಲದ್ದಕ್ಕೆ ಟೆಂಪೊದವನೇ ಹೇಳಿಕೊಟ್ಟಂತೆ ಒಂದು ಹಿಡಿ ದಪ್ಪ ಉಪ್ಪು. ಉಪ್ಪು ಹಾಕಿದರೆ ಬರ್ಫ ಇನ್ನೂ ಕೊರೆಯುತ್ತದೆ. ಸುರಮಯಿ ಮೀನಿಗೆ ಅದಕ್ಕಿಂತ ಒಳ್ಳೆಯ ಉಪಚಾರವಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಓಮ್ನಿ ನಮ್ಮ ಮನೆ ಮುಂದೆ ನಿಂತಿತು. ನಾನು ಬಾಗಿಲಿಗೆ ಓಡಿದೆ. ಚಾಚಾ ಇಳಿದರು. ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ಕುಳಿತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ದಾರಿಯಲ್ಲಿ ಜಗಲಬೇಟದ ಹತ್ತಿರ ಮತ್ತೊಮ್ಮೆ ತೆರೆದು ನೋಡಿದ್ದರಂತೆ.

"ಒಳಗ ಬರ್ರಿ ಚಾಚಾ."

"ಬರೂ ಮುಖ ಇಲ್ರಿ ಅಕ್ಕಾರ. ಔಷಧ ಕೊಂದೆ ನಾ."

ಒಂದು ಸೂಜಿ ತೆಗೆದು ತೋರಿಸಿದರು. ಒಳಗಿನದು ಕಲ್ಲಾಗಿತ್ತು. ಎಲ್ಲವೂ ಕಲ್ಲಾಗಿದ್ದವು.

ನನಗೆ ಏನಾಯಿತೋ. ಎಷ್ಟು ತಿಂಗಳು ಹಲ್ಲು ಕಚ್ಚಿ ಹಿಡಿದದ್ದೆಲ್ಲ ಬಾಯಿಗೆ ಬಂತು. "ಮೀನೇನ್ರೀ ಅದು? ಮೀನೇನು? ಡಾಕ್ಟರ್ ಸಾವಿರ ಸಲ ಹೇಳಿದ್ರು, ನಾ ಸಾವಿರ ಸಲ ಹೇಳೇನಿ!" ಓಣಿಯ ಜನ ಹೊರಗೆ ಬಂದರು. ಚಾಚಾ ತಲೆ ಎತ್ತಲಿಲ್ಲ. "ಹೇಳೀರಿ, ನನಗ ನೆನಪಿತ್ತು. ಬಿಸಿ ಆದ್ರ ಕೂಸಿನ ಗತಿ ಏನು ಅಂತ ಅಂಜಿಕಿ ಆತು. ಅಂಜಿಕ್ಯಾಗ ಬುದ್ಧಿ ಹೋತು" ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ಆಗ ಒಳಕೋಣೆಯಿಂದ ಗಿರಿಜಾಳ ದನಿ: "ಅವ್ವಾ, ಹಂಗಾರ ಇವತ್ತ ನನಗ ಸೂಜಿ ಇಲ್ಲಾ?"

ಆ ಹುಡುಗಿಯ ಖುಷಿ ಕೇಳಿ ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಚಾಚಾ ಮಾತ್ರ ಅತ್ತರು. ಅಷ್ಟು ವಯಸ್ಸಿನ ಗಂಡಸು ನಡುಬೀದಿಯಲ್ಲಿ ಹಾಗೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಸಂಜೆ ಚಹಾ ಕುಡಿಯುತ್ತ ನನ್ನ ಗಂಡ ಒಂದು ಮಾತು ಹೇಳಿದರು. "ಮನೀ ಮುಟ್ಟೂದ್ರಾಗ ಅದು ಕರಗಿರತಿತ್ತು. ಬರ್ಫದಿಂದ ಹೊರಗ ತಗದು ಒಂದ ತಾಸು ತಡದ ಬಂದಿದ್ರ ಮುಗದ ಹೋತು. ಅವರು ಬಾಯಿ ಬಿಡದಿದ್ರ ಯಾರಿಗೆ ಗೊತ್ತಾಗತಿತ್ತು?" ಹೌದಲ್ಲ! ನೋಡಲು ನೀರಿನಂಥ ಔಷಧ. ಕರಗಿದ ಮೇಲೆ ಸತ್ತದ್ದೂ ಒಂದೇ, ಬದುಕಿದ್ದೂ ಒಂದೇ. ದಿನಾ ಬೆಳಿಗ್ಗೆ ಅದನ್ನೇ ಮಗಳಿಗೆ ಚುಚ್ಚಿ, ಯಾಕೆ ಗುಣವಾಗಲಿಲ್ಲ ಎಂದು ದೇವರನ್ನು ಬೈಯುತ್ತ ಕೂರುತ್ತಿದ್ದೆ. ನಾನು ಹಾಗೆ ಕೂರದಂತೆ ಮಾಡಲು ಆ ಮನುಷ್ಯ ಓಣಿಯ ಮುಂದೆ ನನ್ನಿಂದ ಬೈಸಿಕೊಂಡಿದ್ದರು. ಮರುದಿನ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಅವರ ಮನೆಗೆ ಹೋದೆ. ಬೀಬಿಜಾನ್ ಚಾಚಿ, "ನಿನ್ನೆಯಿಂದ ಊಟಾ ಬಿಟ್ಟಾರ" ಎಂದು ಅವರ ಎದುರಿಗೇ ಚಾಡಿ ಹೇಳಿದರು. ನಾನು ಕುಳಿತು ಉಣ್ಣಿಸಿಯೇ ಎದ್ದೆ.

ಮುಂದಿನ ಶಾಗಿರ್ದ ಬರುವುದು ಈದ್‌ಗೆ. ಅಲ್ಲಿಯವರೆಗೆ ಕಾಯಬೇಕು. ಗಿರಿಜಾ ಮತ್ತಷ್ಟು ಸೊರಗಿದಳು. ಪೆನ್ಸಿಲ್ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಆ ದಿನಗಳಲ್ಲೇ ರಮಜಾನ್ ಶುರುವಾಯಿತು. ರೋಜಾ ಹಿಡಿದ ಚಾಚಾ, ಬಾಯಿಗೆ ಹನಿ ನೀರು ಹಾಕದೆ, ಆ ಸುಡುವ ಬೇಸಗೆಯಲ್ಲಿ ಇಡೀ ದಿನ ಬರ್ಫದಲ್ಲಿ ಕೈಯಿಟ್ಟುಕೊಂಡು ಕೂತಿರುತ್ತಿದ್ದರು. ಔಷಧದ ಬದಲು ಸಣ್ಣ ಸಣ್ಣ ಶೀಶೆಗಳಲ್ಲಿ ನೀರು. ಡಬ್ಬಿಯಲ್ಲಿಟ್ಟು, ಬಿಸಿಲಲ್ಲಿ ಇಟ್ಟು, ತೆಗೆದು ನೋಡುವುದು. ಹೆಪ್ಪುಗಟ್ಟಿದರೆ ಫೇಲು. ಬೆಚ್ಚಗಾದರೂ ಫೇಲು. ಗೋಣಿಚೀಲ ಹಾಕಿ ನೋಡಿದರು, ಚುರಮುರಿ ತುಂಬಿ ನೋಡಿದರು. ಚುರಮುರಿಯನ್ನು ಓಣಿಯ ಮಕ್ಕಳು ತಿಂದು ಮುಗಿಸಿದವು. ಕೊನೆಗೆ ಗೆದ್ದದ್ದು ನಮ್ಮ ದಾಂಡೇಲಿಯ ಕಟ್ಟಿಗೆ ಹೊಟ್ಟು. ಸಾಮಿಲ್ಲಿನಿಂದ ಚೀಲಗಟ್ಟಲೆ ತಂದು, ಹೊರಗೆ ಬರ್ಫ, ನಡುವೆ ಒತ್ತಿ ತುಂಬಿದ ಒಣ ಹೊಟ್ಟು, ಒಳಗೊಂದು ಸ್ಟೀಲಿನ ಡಬ್ಬಿ, ಅದರಲ್ಲಿ ಶೀಶೆ. ಬೆಳಿಗ್ಗೆ ಇಟ್ಟದ್ದು ಸಂಜೆಗೆ ಹೇಗಿತ್ತೋ ಹಾಗೇ, ತಣ್ಣಗೆ, ನೀರಾಗಿಯೇ ಇತ್ತು.

"ಬರ್ಫಕ್ಕೂ ಔಷಧಕ್ಕೂ ಮಾತುಕತಿ ಇರಲಿ. ಮುಟ್ಟಾಡೂದು ಬ್ಯಾಡ" ಎಂದು ಅವರು ಅದರ ನ್ಯಾಯ ಹೇಳಿದರು.

ನಾನು ಡಬ್ಬಿ ನೋಡುತ್ತಿದ್ದೆ. ಅದರ ಕುತ್ತಿಗೆಗೆ, ಮಕ್ಕಳಿಗೆ ತಾಯಿತ ಕಟ್ಟಿದ ಹಾಗೆ, ಕೆಂಪು ದಾರದಲ್ಲಿ ಕಟ್ಟಿದ ಒಂದು ಥರ್ಮಾಮೀಟರು, ಅದರ ತುದಿ ಮುಚ್ಚಳದ ತೂತಿನಿಂದ ಒಳಗಿನ ಡಬ್ಬಿಗೆ ಇಳಿದಿತ್ತು. ಬೇಕೆಂದೇ ಕೆಣಕಿದೆ. "ಇದೇನ್ ಚಾಚಾ? ಕಾಜು, ನಾಳೆ ಒಡೀತೈತಿ ಅಂತಿದ್ರಿ? ಗಲ್ಲ ಎಲ್ಲಿ ಹೋತು?"

ಚಾಚಾ ನಗಲಿಲ್ಲ. ಏಲಕ್ಕಿಗೆಂದು ಜೇಬಿಗೆ ಕೈ ಹಾಕಿ, ರೋಜಾ ನೆನಪಾಗಿ ಹೊರಗೆ ತೆಗೆದರು.

"ಫ್ರಿಜ್ಜಿಗೆ ಗಲ್ಲ ಸಾಕ್ರಿ. ಇದು ನಮ್ಮ ಕೂಸಿಂದು. ಗಲ್ಲಕ್ಕ ಪ್ರೀತಿ ಇರತೈತಿ ಅಕ್ಕಾರ, ಪ್ರೀತಿ ಸುಳ್ಳ ಹೇಳತೈತಿ. ಈ ಕಾಜಿಗೆ ನಾ ಯಾರೋ, ಗಿರಿಜಾ ಯಾರೋ. ಇದ್ದದ್ದ ಇದ್ದಂಗ ಹೇಳತೈತಿ."

ಈದ್‌ಗೆ ಕೆಲವು ದಿನ ಮುಂಚೆ ಇನ್ನೊಬ್ಬ ಶಾಗಿರ್ದ ರಫೀಕ್ ಬಂದ. ಈ ಸಲ ಗಿರಿಜಾಳನ್ನು ಬೀಬಿಜಾನ್ ಚಾಚಿಯ ಹತ್ತಿರ ಬಿಟ್ಟು ನಾನೂ, ನನ್ನ ಗಂಡನೂ ಗೋವಾಕ್ಕೆ ಹೋದೆವು. ಚಾಚಾ ಔಷಧ ಕೈಗೆ ತೆಗೆದುಕೊಂಡವರು, ಗಲ್ಲಕ್ಕೆ ಹಚ್ಚಲು ಎತ್ತಿ, ಅರ್ಧದಲ್ಲೇ ನಿಲ್ಲಿಸಿ, ಸ್ಟೀಲಿನ ಡಬ್ಬಿಯೊಳಗೆ ಇಟ್ಟು ಮುಚ್ಚಿದರು. ಘಾಟಿನುದ್ದಕ್ಕೂ ಡಬ್ಬಿ ಅವರ ತೊಡೆಯ ಮೇಲೆ. ಪ್ರತಿ ತಿರುವಿನಲ್ಲೂ ಥರ್ಮಾಮೀಟರಿನ ಕಡೆ ಒಂದು ನೋಟ. ಅನಮೋಡಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು. ನಮ್ಮ ಪುಣ್ಯಕ್ಕೆ ಅದೇ ಅಧಿಕಾರಿ.

"ಏನ್ ಗೋಕುಲಾಷ್ಟಮಿ, ಮತ್ತ ಬಂದ್ರಿ?"

"ಹೂಂ ಸಾಹೇಬ್ರ. ಕಾಗದ ಇಲ್ಲೇ ಅದಾವ. ಡಬ್ಬಿ ತೆರೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಒಂದ ಸಲ ಉಸರ ಬಿಡೂದ್ರಾಗ ಮುಚ್ಚಬೇಕು."

ಅಧಿಕಾರಿ ತೆರೆದ, ನೋಡಿದ, ಮುಚ್ಚಿದ. ದೂರದಲ್ಲಿ ಎಲ್ಲಿಂದಲೋ ಬಾಂಗ್ ಕೇಳಿಸಿತೋ, ಇವರ ಮುಖ ನೋಡಿ ತಿಳಿಯಿತೋ, "ರೋಜಾ ಅದೀರೇನು?" ಎಂದು ತನ್ನ ನೀರಿನ ಬಾಟ್ಲಿ ಚಾಚಿದ. ಚಾಚಾ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ, ಥರ್ಮಾಮೀಟರ್ ನೋಡಿ, ಆಮೇಲೆ ಬಾಟ್ಲಿ ತೆಗೆದುಕೊಂಡರು. ಕುಡಿಯುವ ಮೊದಲು, "ಇದ ನೋಡ್ರಿ ಅಕ್ಕಾರ, ಚೆಕ್‌ಪೋಸ್ಟಿನವ್ರ ಕೈಲೆ ಬಾಟ್ಲಿ ಇಸಗೊಂಡವ ನಾನೊಬ್ಬನ" ಎಂದರು. ಆ ಅಧಿಕಾರಿ ನಕ್ಕದ್ದು ಸಾಲಿನ ಕೊನೆಯ ಗಾಡಿಗೂ ಕೇಳಿಸಿರಬೇಕು.

ಮರುದಿನ ಬೆಳಿಗ್ಗೆಯಿಂದ ಸೂಜಿ. ಮೊದಲ ಎರಡು ದಿನ ಗಿರಿಜಾ ಊರು ಒಂದು ಮಾಡಿ ಅತ್ತಳು. ಆಮೇಲೊಂದು ಬೆಳಿಗ್ಗೆ, ನಾನು ಎತ್ತಲು ಹೋಗುವ ಮೊದಲೇ, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು "ಅವ್ವಾ, ಹಸಿವು" ಎಂದಳು. ನನ್ನ ಕೈಯಲ್ಲಿದ್ದ ಚಹಾದ ಸೋಸಣಿಗೆ ಒಲೆಯ ಮೇಲೆ ಬಿತ್ತು. ಆ ಒಂದು ಮಾತಿಗಾಗಿ ನಾನು ಯಾವ ಗುಡ್ಡ ಬೇಕಾದರೂ ಹತ್ತುತ್ತಿದ್ದೆ.

ಈದ್ ದಿನ ಚಾಚಾ ಹೊಸ ಬಟ್ಟೆ ಹಾಕಿಕೊಂಡು ಹಾಲು ಶಾವಿಗೆಯ ಸುರಕುಂಬಾ ತುಂಬಿದ ಡಬ್ಬಿ ಹಿಡಿದು ಬಂದರು. ಗಿರಿಜಾ ಗೇಟಿನ ಹತ್ತಿರ ನಿಂತಿದ್ದಳು, ಗೋಡೆ ಹಿಡಿಯದೆ. ಚಾಚಾ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅಷ್ಟು ಎತ್ತರದ ಮನುಷ್ಯ ಅವಳ ಮುಂದೆ ಮೊಣಕಾಲೂರಿ, ನನ್ನ ಕಡೆ ತಿರುಗಿ, "ನೋಡ್ಲೇನ್ರಿ?" ಎಂದು ಕೇಳಿದರು. ನಾನು ಹೂಂ ಎಂದೆ. ಎಡಗಲ್ಲವನ್ನು ಅವಳ ಹಣೆಗೆ ಹಚ್ಚಿ ಕಣ್ಣು ಮುಚ್ಚಿದರು, ನಮ್ಮ ಫ್ರಿಜ್ಜಿನೊಳಗೆ ಕೂತಿದ್ದಾಗ ಮಾಡಿದ ಹಾಗೆಯೇ.

"ಥಂಡಾ ಐತಿ."

"ಚಾಚಾ, ನಿಮ್ಮ ಗಲ್ಲ ಸುಳ್ಳ ಹೇಳತೈತಂತ. ಅವ್ವ ಹೇಳ್ಯಾಳ" ಎಂದಳು ನಮ್ಮ ಮಾತಿನಮಲ್ಲಿ.

"ಇವತ್ತ ಖರೇ ಹೇಳಾಕತ್ತೈತಿ, ಬೇಟಿ. ಇವತ್ತೊಂದ ದಿನ."

ಆ ಡಬ್ಬಿ ಆಮೇಲೆ ಎಷ್ಟು ಸಲ ಅನಮೋಡ ದಾಟಿತೋ ಲೆಕ್ಕವಿಲ್ಲ. ಒಬ್ಬರಲ್ಲ ಒಬ್ಬರು ಶಾಗಿರ್ದರು ಬರುತ್ತಲೇ ಇದ್ದರು, ಗಿರಿಜಾ ಬೆಳೆಯುತ್ತಲೇ ಇದ್ದಳು. ಮುಂಡಗೋಡದಿಂದ ಯಾರೋ ತಮ್ಮ ಸಕ್ಕರೆ ಕಾಯಿಲೆಯ ಔಷಧಕ್ಕೆಂದು ಅಂಥದ್ದೇ ಡಬ್ಬಿ ಮಾಡಿಸಿಕೊಂಡು ಹೋದರು. ಪ್ರತಿ ವರ್ಷ ಗೋಕುಲಾಷ್ಟಮಿಯ ದಿನ ಚಾಚಾ ಮರೆಯದೆ ನಮ್ಮ ಮನೆಗೆ ಬಂದು, "ಎಲ್ಲೈತಿ ನನ್ನ ಅವಲಕ್ಕಿ? ಇವತ್ತ ನಂದ ಹಬ್ಬ" ಎಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಆ ಹಬ್ಬ ಮಾಡುವ ಪದ್ಧತಿಯೇ ಇರಲಿಲ್ಲ. ಅವರಿಗಾಗಿ ಶುರುವಾಯಿತು. ಈಗ ಔಷಧ ಕೊರಿಯರಿನಲ್ಲಿ ಬರುತ್ತದೆ, ಒಳಗೆ ಉಷ್ಣತೆ ತೋರಿಸುವ ಯಂತ್ರವನ್ನೂ ಇಟ್ಟೇ ಕಳಿಸುತ್ತಾರೆ. ಪರವಾನಗಿಯ ಕಾಗದ ಮಾತ್ರ ಹಾಗೇ ಇದೆ. ಮೊದಲ ಕೊರಿಯರ್ ಬಂದ ದಿನ ಚಾಚಾ ಅದರ ಸುತ್ತ ಒಂದು ಸುತ್ತು ಹಾಕಿ, "ಚಲೋ ಮಾಡ್ಯಾರ" ಎಂದು ಒಪ್ಪಿಕೊಂಡು, ತಮ್ಮ ಡಬ್ಬಿಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದರು.

ಈ ವರ್ಷದ ಬೇಸಗೆಯಲ್ಲಿ ಅವರು ಹಾಸಿಗೆ ಹಿಡಿದರು. ಕಿಡ್ನಿ ಕೈಕೊಟ್ಟಿತ್ತು, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಗಿರಿಜಾ ಈಗ ಕಾಲೇಜಿಗೆ ಹೋಗುವ ಹುಡುಗಿ; ನನಗಿಂತ ಎತ್ತರ, ನನಗಿಂತ ಜೋರು ನಡಿಗೆ. ಇಬ್ಬರೂ ನೋಡಲು ಹೋದೆವು. ಅಂಗಡಿಯ ಮುಂದಿನ ಫ್ರಿಜ್ಜುಗಳು ಹಾಗೇ ನಿಂತಿದ್ದವು, ಗೊರಗೊರ ಅನ್ನುವ ಒಂದೂ ಇರಲಿಲ್ಲ. ಒಳಗೆ ಮಂಚದ ಮೇಲೆ ಚಾಚಾ. ಗಡ್ಡದ ಮೆಹಂದಿ ಬುಡದಲ್ಲಿ ಬೆಳ್ಳಗಾಗಿತ್ತು. ಬೀಬಿಜಾನ್ ಚಾಚಿ ಒದ್ದೆ ಬಟ್ಟೆ ಹಿಂಡಿ ಹಿಂಡಿ ಹಣೆಗೆ ಹಾಕುತ್ತಿದ್ದರು. "ಎರಡ ದಿನಾ ಆತು ಅಕ್ಕಾರ, ಜ್ವರ ಇಳೀವಲ್ದು" ಎಂದರು.

ಚಾಚಾ ನಮ್ಮ ದನಿ ಕೇಳಿ ಕಣ್ಣು ತೆರೆದರು. ಗಿರಿಜಾಳನ್ನು ಮೇಲಿನಿಂದ ಕೆಳಗೆ ನೋಡಿದರು, ಬಹಳ ಹೊತ್ತು ಅವಳ ಕಾಲುಗಳನ್ನೇ ನೋಡಿದರು. "ಫ್ರಿಜ್ ಬಾಗಲಾ ಬಡೀತಾಳೇನ್ರಿ ಇಕಿ?" ಎಂದು ಕೇಳಿದರು.

"ದಿನಾ ಬಡೀತಾಳ ಚಾಚಾ" ಎಂದೆ.

ಗಿರಿಜಾ ಮಂಚದ ಪಕ್ಕ ಮೊಣಕಾಲೂರಿದಳು. ನನ್ನ ಕಡೆಯಾಗಲಿ ಚಾಚಿಯ ಕಡೆಯಾಗಲಿ ನೋಡಲಿಲ್ಲ. ಒದ್ದೆ ಬಟ್ಟೆ ಸರಿಸಿ, ತನ್ನ ಎಡಗಲ್ಲವನ್ನು ಚಾಚಾನ ಹಣೆಗೆ ಹಚ್ಚಿ ಕಣ್ಣು ಮುಚ್ಚಿದಳು. ಅಲ್ಲೇ ನಿಂತ ನನಗೂ ಆ ಮೈಯ ಕಾವು ತಟ್ಟುತ್ತಿತ್ತು.

"ಥಂಡಾ ಐತಿ ಚಾಚಾ" ಎಂದಳು.

ಚಾಚಾನ ತುಟಿಗಳು ಅಲುಗಿದವು. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಬೇಟಿ," ಎಂದರು, "ನಿನ್ನ ಗಲ್ಲಾನೂ ಸುಳ್ಳ ಹೇಳಾಕ ಕಲತೈತಿ."

ಗಿರಿಜಾ ಗಲ್ಲ ತೆಗೆಯಲಿಲ್ಲ.